ಡ್ರಿಲ್ಲಿನ ಹಸಿರು ತಂತಿ

ಬೈಲಹೊಂಗಲದ ಬಸ್ ಸ್ಟ್ಯಾಂಡಿನ ಹತ್ತಿರ ನಮ್ಮಣ್ಣನ ರಿಪೇರಿ ಅಂಗಡಿ ಇತ್ತು. ಮುಂದೆ ಕೌಂಟರಿನಲ್ಲಿ ಅಣ್ಣ, ಹಿಂದೆ ಹಳೇ ಸೀರೆಯ ಪರದೆ, ಪರದೆಯ ಹಿಂದೆ ನಾನು. ಗಂಡ ತೀರಿಕೊಂಡ ಮೇಲೆ ರಾಮದುರ್ಗದಿಂದ ತವರಿಗೆ ಬಂದಿದ್ದೆ. ಸುಮ್ಮನೆ ಕೂತು ಉಣ್ಣುವುದು ನನ್ನಿಂದಾಗದ ಮಾತು. ಅಣ್ಣ ಬಿಚ್ಚಿಟ್ಟ ಡ್ರಿಲ್ ಮಶಿನ್ನುಗಳನ್ನು ನೋಡುತ್ತ ನೋಡುತ್ತ ನಾನೂ ಕೈ ಹಾಕಿದೆ. ವರ್ಷದೊಳಗೆ ಅಣ್ಣನಿಗಿಂತ ನನ್ನ ಕೈಯೇ ಚುರುಕಾಯಿತು. ಜಂಬವಲ್ಲ, ಇದ್ದದ್ದು ಇದ್ದ ಹಾಗೆ ಹೇಳುತ್ತಿದ್ದೇನೆ.

ಡ್ರಿಲ್ಲಿಗೆ ಬರುವ ರೋಗಗಳು ಎರಡೇ. ಬಡಿಗರು ಅದನ್ನು ವಾಯರ್ ಹಿಡಿದೇ ಜೋತಾಡಿಸಿಕೊಂಡು ಹೋಗುತ್ತಾರೆ, ಹಿಡಿಕೆಯ ಬುಡದಲ್ಲಿ ತಂತಿ ಒಳಗೊಳಗೇ ಕಡಿಯುತ್ತದೆ. ಎಷ್ಟು ಸಲ ಬೈದುಕೊಂಡಿದ್ದೇನೋ! ಇನ್ನೊಂದು, ಬೆರಳಿನಿಂದ ಒತ್ತುವ ಸ್ವಿಚ್ಚಿನಲ್ಲಿ ಕಟ್ಟಿಗೆಯ ಹುಡಿ ತುಂಬಿ ಅದು ಸಿಕ್ಕಿಕೊಳ್ಳುತ್ತದೆ. ಅದನ್ನು ಬಿಚ್ಚುವಾಗ ಉಸಿರು ಬಿಗಿಹಿಡಿಯಬೇಕು, ಇಲ್ಲದಿದ್ದರೆ ಎಳ್ಳಿನಷ್ಟು ಸ್ಪ್ರಿಂಗು ಹಾರಿ ಎಲ್ಲಿ ಹೋಯಿತೋ ಶಿವನೇ ಬಲ್ಲ. ಮೊಣಕಾಲೂರಿ ನೆಲವೆಲ್ಲ ತಡವಬೇಕು. ಎಲ್ಲಕ್ಕಿಂತ ಮುಖ್ಯ ಹಸಿರು ತಂತಿ. ಕೆಂಪು ತಂತಿಯಲ್ಲಿ ಕರೆಂಟು ಬರುತ್ತದೆ, ಹಸಿರನ್ನು ಮಶಿನ್ನಿನ ಕಬ್ಬಿಣದ ಮೈಗೆ ಬಿಗಿಯುತ್ತಾರೆ. ಒಳಗೆ ಏನಾದರೂ ಕೆಟ್ಟರೆ ಹಿಡಿದವನ ಜೀವ ಕಾಯುವುದು ಅದೇ. ಅದಕ್ಕೆ ಬೇರೆ ಕೆಲಸ ಹಚ್ಚಬಾರದು.

ಮುರಗೋಡದ ಬಡಿಗನೊಬ್ಬ ನಮ್ಮ ಕಾಯಂ ಗಿರಾಕಿ. ರಿಪೇರಿಯಾದ ಮಶಿನ್ನನ್ನು ಗಿರ್ರನೆ ತಿರುಗಿಸಿ ನೋಡಿ, "ಭಾಳ ಚಲೋ ಕೈ ಐತ್ರಿ ನಿಮ್ದು," ಎಂದು ಅಣ್ಣನಿಗೆ ಹೇಳುತ್ತಿದ್ದ. ಅಣ್ಣ, "ರೂಢಿ ಆಗೇತ್ರಿ," ಎನ್ನುತ್ತಿದ್ದ. ಪರದೆಯ ಹಿಂದೆ ನನಗೆ ನಗುವೂ ಬರುತ್ತಿತ್ತು, ಹೊಟ್ಟೆಯೂ ಉರಿಯುತ್ತಿತ್ತು.

ಒಂದು ದಿನ ಕೇಳಿಯೇಬಿಟ್ಟೆ. "ಅಣ್ಣಾ, ಒಮ್ಮ್ಯಾರ ನನ್ನ ತಂಗಿ ಮಾಡ್ಯಾಳಂತ ಹೇಳೋ. ನಿಂದೇನ ಗಂಟ ಹೋಗತೈತಿ?"

"ಹುಚ್ಚಿ," ಎಂದು ನಕ್ಕ. "ಹೆಣ್ಮಗಳು ಮಾಡ್ಯಾಳಂದ್ರ ಮಂದಿ ನಂಬತಾರೇನ? ಹೊತ್ತ ಬರಲಿ, ಹೇಳತೇನಿ."

ನಂಬಿದೆ. ಒಡಹುಟ್ಟಿದವನನ್ನು ನಂಬದೆ ಯಾರನ್ನು ನಂಬಲಿ? ಒಂಬತ್ತು ವರ್ಷ ಆ ಹೊತ್ತು ಬರಲೆಂದು ಕಾದೆ.

ಆ ಸಲ ಸಿರಸಂಗಿಯಲ್ಲಿ ಚಿಕ್ಕಮ್ಮನ ಮೊಮ್ಮಗುವಿನ ತೊಟ್ಟಿಲು ಕಾರ್ಯವಿತ್ತು, ಎರಡು ದಿನ ಹೋಗಿದ್ದೆ. ನಾನು ಮರಳಿ ವಾರವಾಗಿರಬೇಕು, ಮುರಗೋಡದ ಬಡಿಗ ಬಂದ. ಬಲಗೈ ಪ್ಲಾಸ್ಟರಿನಲ್ಲಿತ್ತು. ಹೊಸ ಮನೆಯ ಚೌಕಟ್ಟಿಗೆ ತೂತು ಹಾಕಲು ಹಸಿ ನೆಲದ ಮೇಲೆ ಬರಿಗಾಲಲ್ಲಿ ನಿಂತು ಡ್ರಿಲ್ ಹಿಡಿದಿದ್ದನಂತೆ. ಕರೆಂಟು ಝಾಡಿಸಿ ದೂರ ಒಗೆದಿತ್ತು, ಕೈಮೇಲೆ ಬಿದ್ದು ಅವನ ಮೂಳೆ ಮುರಿದಿತ್ತು. ಜೀವ ಉಳಿದದ್ದೇ ಪುಣ್ಯ.

ಅಣ್ಣ ಡ್ರಿಲ್ಲನ್ನು ಪರದೆಯೊಳಗೆ ಚಾಚಿದ. ಬಿಚ್ಚಿದೆ. ಕೆಂಪು ತಂತಿ ಕಡಿದಿದ್ದರಿಂದ ಹಸಿರನ್ನೇ ಕರೆಂಟಿಗೆ ಹಚ್ಚಿ, ಅದಕ್ಕೊಂದು ತಂತಿಯ ತುಂಡು ಕೂಡಿಸಿ ಸ್ವಿಚ್ಚಿಗೆ ಒಯ್ದಿದ್ದರು. ಆದರೆ ಹಸಿರು ತಂತಿಯ ತುದಿ ಇನ್ನೂ ಮೈಗೇ ಬಿಗಿದಿತ್ತು, ಅದನ್ನು ಬಿಚ್ಚುವುದನ್ನು ಮರೆತಿದ್ದರು. ಮಶಿನ್ನಿನ ಮೈಗೆಲ್ಲ ಕರೆಂಟು. ಅಂಗಡಿಯಲ್ಲಿ ಕಟ್ಟಿಗೆಯ ಮಣೆಯ ಮೇಲೆ ರಬ್ಬರ್ ಚಪ್ಪಲಿಯಲ್ಲಿ ನಿಂತು ತಿರುಗಿಸಿ ನೋಡಿದವನಿಗೆ ಅದು ತಿಳಿಯುವುದಾದರೂ ಹೇಗೆ? ನಾನು ಊರಲ್ಲಿಲ್ಲದ ದಿನ ಅಣ್ಣ ಮಾಡಿದ ಕೆಲಸ.

ಹೊರಗೆ ಬಡಿಗನ ದನಿ ಏರಿತು. "ಇದನ್ನ ಮಾಡಿದವ್ರ ಯಾರ ಹೇಳ್ರಿ ಮೊದಲ!"

"ನಾ ಅಲ್ರೀ," ಎಂದ ಅಣ್ಣ. "ಒಳಗ ನನ್ನ ತಂಗಿ ಅದಾಳ. ಆಕಿ ಮಾಡ್ಯಾಳ."

ಅಯ್ಯ ನನ್ನ ಅಣ್ಣನೇ! ಹೊತ್ತು ಬರಲಿ ಎಂದದ್ದು ಈ ಹೊತ್ತಿಗಾಗಿಯೇ? ಪರದೆ ಸರಿಸಿ ಹೊರಗೆ ಬಂದೆ. ಬಡಿಗ ನನ್ನನ್ನು ನೋಡಿದ್ದು ಅದೇ ಮೊದಲು.

"ಹೌದ್ರಿ," ಎಂದೆ. "ಇಷ್ಟ ವರ್ಷ ನಿಮ್ಮ ಮಶಿನ್ ನಾನಾ ಮಾಡೀನಿ. ಇದೊಂದ ನಂದಲ್ಲ. ಆವತ್ತ ನಾ ಸಿರಸಂಗ್ಯಾಗಿದ್ದೆ. ಕೇಳ್ರಿ ಇವನ್ನ."

ಬಡಿಗ ಅಣ್ಣನ ಮುಖ ನೋಡಿದ. ಅಣ್ಣ ನನ್ನ ಮುಖ ನೋಡಲಿಲ್ಲ.

"ಅಂಜ್ಯಾಳ್ರೀ," ಎಂದ. "ಏನೇನರ ಮಾತಾಡತಾಳ. ಮನಸಿಗೆ ಹಚ್ಕೋಬ್ಯಾಡ್ರಿ."

ಬಡಿಗನ ಸಿಟ್ಟು ಇಳಿದಿತ್ತು, ನನ್ನ ಮೇಲೆ ಕನಿಕರ ಬಂದಿತ್ತೋ ಏನೋ.

"ಇರ್ಲಿ ಬಿಡವ್ವಾ," ಎಂದ. ಆಮೇಲೆ ಅಣ್ಣನ ಕಡೆ ತಿರುಗಿದ. "ಇನ್ನ ಮ್ಯಾಲ ನನ್ನ ಮಶಿನ್ ಆಕಿ ಕೈಯಾಗ ಕೊಡಬ್ಯಾಡ್ರಿ. ಮೊದಲಿನಂಗ ನೀವಾ ಮಾಡ್ರಿ."

"ಆತ್ರಿ," ಎಂದ ಅಣ್ಣ. "ಮೊದಲಿನಂಗ ನಾನಾ ಮಾಡತೇನಿ."