ರೀವದ ಕೊಕ್ಕಿನ ಬಣ್ಣ

ಶಿರಾ ಕೆರೆಯ ಏರಿಯ ಮೇಲೆ ನಿಂತು ಹಕ್ಕಿ ನೋಡುವ ಚಟ ನನಗೂ ನನ್ನ ತಂಗಿಗೂ ಒಟ್ಟಿಗೇ ಹತ್ತಿದ್ದು. ನಾನು ಮಧುಗಿರಿಯ ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರು. ಅವಳು ಬರಗೂರಿಗೆ ಸೊಸೆಯಾಗಿ ಹೋದವಳು, ಶಿರಾದಲ್ಲಿ ಸರ್ಕಾರಿ ಕೆಲಸದಲ್ಲಿದ್ದಾಳೆ. ಭಾನುವಾರ ಬೆಳಿಗ್ಗೆ ಅವಳು ಆ ಕಡೆಯಿಂದ, ನಾನು ಈ ಕಡೆಯಿಂದ ಬಸ್ಸು ಹಿಡಿದು ಕೆರೆಯ ಹತ್ತಿರ ಸೇರುತ್ತೇವೆ. "ಅಕ್ಕತಂಗೀರು ಹಕ್ಕಿ ನೆಪ ಇಟ್ಕಂಡು ಮಾತಾಡಕ್ಕೆ ಓಯ್ತಾರೆ" ಎಂದು ಅವಳ ಅತ್ತೆ ನಗುತ್ತಾರೆ. ಅದೂ ಸುಳ್ಳಲ್ಲ.

ನಮಗೆ ಹೆಚ್ಚು ಇಷ್ಟವಾದದ್ದು ರೀವಗಳು. ರೀವ ಎನ್ನುವುದು ಪುಸ್ತಕದ ಹೆಸರು. ಊರಿನವರಿಗೆ ಅದು ಬರೀ ನೀರಿನ ಹಕ್ಕಿ. ತೆಳು ಬೂದು ಮೈ, ಚೂಪಾದ ಉದ್ದ ರೆಕ್ಕೆ, ಕವಲೊಡೆದ ಬಾಲ. ನಮ್ಮಲ್ಲಿರುವ ಪುಸ್ತಕದಲ್ಲಿ ಏಷ್ಯಾದ ರೀವಗಳೆಲ್ಲ ಸಾಲಾಗಿ ಕೂತಿವೆ. ಬಹಳಷ್ಟು ಕಡಲ ತೀರದವು. ನಮ್ಮ ಬಯಲುಸೀಮೆಯ ಕೆರೆಗಳಿಗೆ ಬರುವವು ಕೆಲವೇ ಆದರೂ ಅವನ್ನು ಬೇರೆ ಬೇರೆ ಮಾಡಿ ನೋಡುವುದು ಸುಲಭವಲ್ಲ. ಹೊಳೆ ರೀವಕ್ಕೆ ಹಳದಿ ಕೊಕ್ಕು, ಆಳವಾಗಿ ಸೀಳಿದ ಬಾಲ. ಮೀನು ಕಂಡರೆ ಮೇಲಿನಿಂದ ನೇರವಾಗಿ ನೀರಿಗೆ ಬೀಳುತ್ತದೆ. ಚಳಿಗಾಲಕ್ಕೆ ಬರುವ ಇನ್ನೊಂದಕ್ಕೆ ದಪ್ಪ ಕಪ್ಪು ಕೊಕ್ಕು. ಅದು ಕೆಸರಿನ ಮೇಲೆ, ಗದ್ದೆಯ ಮೇಲೆ ಹುಳ ಹುಡುಕಿಕೊಂಡು ಹಾರುತ್ತದೆ. ಚಳಿಗಾಲಕ್ಕೇ ಬರುವ ಚಿಕ್ಕದಾದ ಮೀಸೆ ರೀವ ನೀರಿನ ಮೇಲ್ಮೈಯನ್ನು ಮುಟ್ಟಿ ಮುಟ್ಟಿ ಮೇಲೇಳುತ್ತದೆ. ಇದನ್ನೆಲ್ಲ ತಂಗಿಗೆ ಹೇಳಿಕೊಟ್ಟವಳು ನಾನೇ.

ಹೋದ ಚಳಿಗಾಲದ ಒಂದು ಭಾನುವಾರ ನೀರಿನ ನಡುವಿನ ಕಲ್ಲಿನ ಮೇಲೆ ಒಂದು ರೀವ ಕೂತಿತ್ತು. ನಾನು ಬೈನಾಕ್ಯುಲರ್ ಹಿಡಿದು, "ಕಪ್ಪು ಕೊಕ್ಕಿಂದು" ಎಂದೆ.

ತಂಗಿ ನನ್ನ ಕೈಯಿಂದ ಬೈನಾಕ್ಯುಲರ್ ತೆಗೆದುಕೊಂಡು ನೋಡಿ ವಾಪಸ್ ಕೊಟ್ಟಳು. ಆಮೇಲೆ ಮೆಲ್ಲಗೆ, "ಅಕ್ಕಾ, ಅದು ಹೊಳೆ ರೀವ ಕಣಕ್ಕ. ಹಳದಿ ಕೊಕ್ಕು ಎಂಗೆ ಒಳೀತೈತೆ ನೋಡು" ಎಂದಳು.

ಮತ್ತೆ ನೋಡಿದೆ. ಹಳದಿ ಎಲ್ಲೂ ಇರಲಿಲ್ಲ. ಮುಂದಿನ ವಾರವೂ ಹೀಗೇ ಆಯಿತು. ಹಾರುತ್ತಿದ್ದ ಮೀಸೆ ರೀವವನ್ನು ನಾನು ಬೇರೇನೋ ಅಂದೆ. ಅವಳು ತಿದ್ದಲಿಲ್ಲ, ಸುಮ್ಮನೆ ನನ್ನ ಮುಖ ನೋಡಿದಳು. ಆ ನೋಟದಲ್ಲಿ ಏನಿತ್ತು ಎಂದು ನನಗೆ ಗೊತ್ತಿತ್ತು. ನಮ್ಮ ಅಮ್ಮನಿಗೆ ಮರೆವಿನ ಕಾಯಿಲೆ ಶುರುವಾದದ್ದು ಹೆಚ್ಚು ಕಡಿಮೆ ಐವತ್ತು ದಾಟಿದ ನನ್ನ ಈ ವಯಸ್ಸಿನಲ್ಲೇ. ಮೊದಲು ಕೊತ್ತಂಬರಿಗೂ ಪುದೀನಕ್ಕೂ ವ್ಯತ್ಯಾಸ ಹೋಯಿತು, ಆಮೇಲೆ ನೆರೆಮನೆಯವರು ಯಾರೆಂಬುದು, ಕೊನೆಗೆ ನಾವಿಬ್ಬರು.

ಆ ವಾರವೆಲ್ಲ ನನ್ನನ್ನು ನಾನೇ ಕಾವಲು ಕಾದೆ. ರಸ್ತೆಯಲ್ಲಿ ಎದುರಾದ ಸಹೋದ್ಯೋಗಿಯನ್ನು ಬೇರೆ ಯಾರೋ ಎಂದುಕೊಂಡು ಮಾತಾಡಿಸಿದ್ದೆ. ಸಾರಿಗೆ ಬೆಲ್ಲದ ಬದಲು ಹುಣಸೆಹಣ್ಣನ್ನೇ ಎರಡು ಸಲ ಹಾಕಿದ್ದೆ. ಬೋರ್ಡಿನ ಮೇಲೆ ಬರೆಯುವಾಗ ಸಾಲು ಸೊಟ್ಟಗೆ ಇಳಿಯುತ್ತಿತ್ತು. ಒಂದೊಂದೂ ಅಮ್ಮನ ದಾರಿಯ ಗುರುತಿನಂತೆ ಕಂಡಿತು. ಮನೆಯವರಿಗೆ ಹೇಳಲು ಬಾಯಿ ಬರಲಿಲ್ಲ. ತಂಗಿಯೇ ಫೋನು ಮಾಡಿ, "ಡಾಕ್ಟ್ರತ್ರ ಓಗಣ, ನಾನೂ ಬತ್ತೀನಿ" ಎಂದಳು. ಏನಕ್ಕೆ ಎಂದು ನಾನು ಕೇಳಲಿಲ್ಲ, ಅವಳೂ ಹೇಳಲಿಲ್ಲ.

ತುಮಕೂರಿನ ಡಾಕ್ಟರು ವಯಸ್ಸಾದವರು, ನಿಧಾನಸ್ಥರು. ಅಮ್ಮನ ವಿಷಯವನ್ನೂ ಹಕ್ಕಿಯ ವಿಷಯವನ್ನೂ ಹೇಳಿದೆ. ಅವರು ಪೆನ್ನು ಕೆಳಗಿಟ್ಟು, "ಅದ್ಯಾವ ಹಕ್ಕಿನಮ್ಮ? ಒಂದನ್ನ ಇನ್ನೊಂದ್ರಿಂದ ಹೆಂಗೆ ಕಂಡುಹಿಡೀತೀರಿ, ಹೇಳಿ ನೋಡಣ" ಎಂದರು.

ನಾನು ಹೇಳತೊಡಗಿದೆ. ಕೊಕ್ಕು, ಕಾಲು, ಬಾಲ. ಚಳಿಗಾಲದಲ್ಲಿ ನೆತ್ತಿಯ ಕಪ್ಪು ಹೇಗೆ ಮಾಸುತ್ತದೆ, ಮರಿ ಮಾಡುವ ಕಾಲಕ್ಕೆ ಹೇಗೆ ಮರಳುತ್ತದೆ. ಕಡಲ ತೀರದಲ್ಲಿರುವ ಜುಟ್ಟಿನ ರೀವ, ಹಣೆ ಬೆಳ್ಳಗಿರುವ ಪುಟ್ಟ ರೀವ. ಎಲ್ಲ ಕಡೆ ಅಪರೂಪವಾಗುತ್ತಿರುವ ಕಪ್ಪು ಹೊಟ್ಟೆಯ ರೀವ, ಅದರ ಕಿತ್ತಳೆ ಕೊಕ್ಕು. ಭಯಕ್ಕೋ ಏನೋ, ಮಾತು ನಿಲ್ಲಲೇ ಇಲ್ಲ. ಹೊರಗೆ ಕಾಯುತ್ತಿದ್ದವರು ಬಾಗಿಲು ತಳ್ಳಿ ಇಣುಕಿದರು.

ಡಾಕ್ಟರು ನಕ್ಕುಬಿಟ್ಟರು. "ಇಷ್ಟು ನೆನಪಿಟ್ಕೊಂಡು ನಂಗೆ ಮರೆವು ಅಂತೀರಲ್ಲ ತಾಯಿ!" ಎಂದವರೇ ಎದ್ದು ಬಂದು ನನ್ನ ಕಣ್ಣಿಗೆ ಟಾರ್ಚು ಬಿಟ್ಟು ನೋಡಿದರು. ಆಮೇಲೆ ಇನ್ನೊಂದು ಕಣ್ಣು. "ತಲೆ ನೆಟ್ಟಗೈತೆ. ಕಣ್ಣಿಗೆ ಪೊರೆ ಬಂದೈತೆ, ಎರಡಕ್ಕೂ. ಬಿಸಿಲು ಹೊಳೆಯೋ ನೀರಿನ ಮುಂದೆ ನಿಂತ್ರೆ ಬಣ್ಣ ಏನು ಕಂಡೀತು? ಕಣ್ಣಿನ ಡಾಕ್ಟ್ರಿಗೆ ಬರ್ಕೊಡ್ತೀನಿ, ಹೋಗಿ."

ಹೊರಗೆ ಬಂದು ಮೆಟ್ಟಿಲ ಮೇಲೆ ಕೂತೆವು. ತಂಗಿ ಸೆರಗಿನಿಂದ ಮೂಗು ಒರೆಸಿಕೊಂಡಳು.

"ನೀನು ನನ್ನೂ ಮರ್ತುಬುಡ್ತೀಯ ಅಂತ ರಾತ್ರಿಯೆಲ್ಲ ನಿದ್ದೆ ಇಲ್ಲ ಕಣಕ್ಕ. ಬರೀ ಪೊರೆ! ಮೊದ್ಲೇ ಬಂದು ತೋರುಸ್ಬಾರ್ದಾ?"

"ನೀನು ಮೊದ್ಲೇ ಬಾಯ್ಬಿಟ್ಟು ಹೇಳ್ಬಾರ್ದಾ?" ಎಂದೆ ನಾನು. ಇಬ್ಬರೂ ಜೋರಾಗಿ ನಕ್ಕೆವು. ಕಣ್ಣಿಗೆ ಕಾಯಿಲೆ ಎಂದು ತಿಳಿದು ಅಷ್ಟು ಸಂತೋಷಪಟ್ಟವರು ಆ ಆಸ್ಪತ್ರೆಯಲ್ಲಿ ಬೇರೆ ಯಾರೂ ಇದ್ದಿರಲಾರರು.

ಆಪರೇಷನ್ ಮೊದಲು ಒಂದು ಕಣ್ಣಿಗೆ, ಕೆಲವು ವಾರ ಬಿಟ್ಟು ಇನ್ನೊಂದಕ್ಕೆ ಆಯಿತು. ಪಟ್ಟಿ ಬಿಚ್ಚಿದ ಮೇಲೆ ಮೊದಲು ಕಂಡದ್ದು ನಮ್ಮ ಅಡುಗೆಮನೆಯ ಗೋಡೆಯ ಎಣ್ಣೆಜಿಡ್ಡು. ನನ್ನ ಮನೆ ಇಷ್ಟು ಕೊಳಕಾಗಿತ್ತೇ ಎಂದು ಗಾಬರಿಯಾಗಿ ಯಜಮಾನರ ಕೈಯಲ್ಲೇ ಉಜ್ಜಿಸಿದೆ.

ಮತ್ತೆ ಕೆರೆಗೆ ಹೋದಾಗ ಬಿಸಿಲುಗಾಲ. ನೀರು ಹಿಂದಕ್ಕೆ ಸರಿದಿತ್ತು. ತಂಗಿ ಇದ್ದಕ್ಕಿದ್ದಂತೆ ನನ್ನ ತೋಳು ಹಿಡಿದು, "ಅಕ್ಕಾ, ಕಪ್ಪು ಹೊಟ್ಟೆ! ಅಲ್ನೋಡು, ಕಪ್ಪು ಹೊಟ್ಟೆಯ ರೀವ!" ಎಂದು ಕೂಗಿದಳು. ನಾವು ಎಂದೂ ನೋಡದ ಹಕ್ಕಿ ಅದು.

ಬೈನಾಕ್ಯುಲರ್ ಎತ್ತಿದೆ. ಹೊಟ್ಟೆ ನಿಜವಾಗಿಯೂ ಕಪ್ಪಗಿತ್ತು. ಆದರೆ ಕೆನ್ನೆಯ ಮೇಲೆ ಸುಣ್ಣ ಬಳಿದಂತೆ ಬಿಳಿ ಪಟ್ಟೆ. ಕೊಕ್ಕು ಕಿತ್ತಳೆಯಲ್ಲ, ದಾಳಿಂಬೆಯ ಗಾಢ ಕೆಂಪು. ಬಾಲದ ಸೀಳು ಇದ್ದೂ ಇಲ್ಲದಂತಿತ್ತು. ಪ್ರತಿಯೊಂದೂ ಬಿಡಿಬಿಡಿಯಾಗಿ, ಸ್ಪಷ್ಟವಾಗಿ ಕಂಡಿತು.

"ಮೀಸೆ ರೀವ ಕಣೇ" ಎಂದೆ. "ವಾಪಸ್ ಹೋಗೋ ಮುಂಚೆ ಹೊಸ ಗರಿ ಹಾಕ್ಕೊಂಡೈತೆ. ಕೆನ್ನೆ ನೋಡು, ಅದೇ ಮೀಸೆ."

ಅವಳು ಬೈನಾಕ್ಯುಲರ್ ಕಿತ್ತುಕೊಂಡು ಬಹಳ ಹೊತ್ತು ನೋಡಿದಳು. "ಹೂಂ, ಬೆಳ್ಳಗೈತೆ. ಥೂ, ಅಪರೂಪದ್ದು ಅನ್ಕಂಡಿದ್ದೆ" ಎಂದು ಮುಖ ಸಪ್ಪಗೆ ಮಾಡಿದಳು. ಮರುಕ್ಷಣವೇ ನನ್ನ ಕಡೆ ತಿರುಗಿ, "ಅದು ಹಾಳಾಗೋಗ್ಲಿ ಬುಡು, ನಿಂಗೆ ಕಾಣ್ತಲ್ಲ" ಎಂದಳು.

ಬಿಸಿಲು ಚುರುಗುಟ್ಟುವವರೆಗೂ ಅಲ್ಲೇ ಇದ್ದೆವು. ಆಮೇಲೆ ಪೇಟೆಯಲ್ಲಿ ಇಡ್ಲಿ ತಿಂದು ಅವಳನ್ನು ಬರಗೂರಿನ ಬಸ್ಸು ಹತ್ತಿಸಿದೆ. ನನ್ನ ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಸಿಕ್ಕಿತು. ದಾರಿಯುದ್ದಕ್ಕೂ ನೋಡುತ್ತಾ ಹೋಗಬೇಕೆಂದುಕೊಂಡಿದ್ದೆ. ಆದರೆ ಊರು ದಾಟುವ ಮೊದಲೇ ಗಾಢ ನಿದ್ದೆ ಬಂದುಬಿಟ್ಟಿತು. ಮಧುಗಿರಿ ಸ್ಟ್ಯಾಂಡಿನಲ್ಲಿ ಕಂಡಕ್ಟರು ಸೀಟು ಬಡಿದು ಎಬ್ಬಿಸಬೇಕಾಯಿತು.