ಸಣ್ಣ ಗಾಯ, ದೊಡ್ಡ ಅನುಮಾನ

ಒಳ್ಳೆಯ ಸುದ್ದಿಯನ್ನು ತೀರಾ ಸುಲಭವಾಗಿ ಹೇಳುವವರನ್ನು ಕಂಡರೆ ನನಗೆ ಗುಮಾನಿ. ಬ್ಯಾಂಕಿನಲ್ಲಿ ಕೂತು ಕೂತು ಬಂದ ಗುಣವಿದು. ಹಾಗೆ ಕೂತೇ ಸೊಂಟದ ಕೀಲೂ ಸವೆಯಿತು ಎಂದು ನನ್ನ ಗಂಡನ ವಾದ. ಧಾರವಾಡದಿಂದ ವಿಶಾಖಪಟ್ಟಣಕ್ಕೆ ವರ್ಗವಾಗಿ ಬಂದ ಮೇಲೆ, ಎಂವಿಪಿ ಕಾಲೋನಿಯ ಮನೆಯ ಮೆಟ್ಟಿಲು ಹತ್ತುವುದೇ ನನಗೊಂದು ಯಾತ್ರೆಯಾಯಿತು.

ಕೀಲು ಬದಲಿಸಲೇಬೇಕೆಂದ ಇಲ್ಲಿನ ಸರ್ಜನ್ ಮೂಲತಃ ಮೈಸೂರಿನವರು, ಇನ್ನೂ ಎಳೆಯ ವಯಸ್ಸು. ಅವರ ಕನ್ನಡ ಕೇಳಿ ಅರ್ಧ ನೋವು ಇಳಿದಿತ್ತು. "ಚಿಕ್ಕ ಗಾಯ ಸಾಕು ಮೇಡಂ, ಬೇಗ ಓಡಾಡ್ತೀರಾ" ಎಂದಾಗ ಅದು ಪೂರ್ತಿ ವಾಪಸು ಬಂತು.

"ಅಲ್ರೀ ಡಾಕ್ಟ್ರೇ, ಒಳಗ ಹಾಕೋ ಸಾಮಾನು ಇಷ್ಟು ದೊಡ್ಡದದ. ಬಾಗಲಾ ಮಾತ್ರ ಸಣ್ಣದ್ಯಾಕ?" ಎಂದೆ.

ಅವರು ನಕ್ಕರು. ಕೊಯ್ಯುವವರು ನಕ್ಕರೆ ಕೊಯ್ಯಿಸಿಕೊಳ್ಳುವವರಿಗೆ ಧೈರ್ಯ ಬರುತ್ತದೆಂದು ಇವರಿಗೆ ಯಾರು ಹೇಳಿದರೋ!

ಇನ್ನೊಬ್ಬರನ್ನೂ ಕೇಳಿ ನೋಡೋಣವೆಂದು ಗಂಡನನ್ನು ಕರೆದುಕೊಂಡು ರೈಲು ಹತ್ತಿ ವಿಜಯವಾಡಕ್ಕೆ ಹೋದೆ. ಬೆಂಜ್ ಸರ್ಕಲ್ ಬಳಿಯ ಹಿರಿಯ ಸರ್ಜನ್ ತೆಲುಗಿನಲ್ಲಿ ಹೇಳಿದ್ದಿಷ್ಟು: "ನನಗೆ ಒಳಗೆಲ್ಲ ಚೆನ್ನಾಗಿ ಕಾಣಬೇಕಮ್ಮಾ. ನಾನು ದೊಡ್ಡದಾಗಿಯೇ ಕೊಯ್ಯುತ್ತೇನೆ. ಸೀರೆಯೊಳಗಿನ ಗಾಯವನ್ನು ಯಾರು ನೋಡುತ್ತಾರೆ?" ಸಮಾಧಾನವಾಯಿತು. ಆದರೆ ಹೊರಗೆ ಬಂದು ಆಟೋ ಹತ್ತುವಷ್ಟರಲ್ಲಿ ಇವರ ಮೇಲೂ ಗುಮಾನಿ: ಹೊಸದನ್ನು ಕಲಿಯಲು ಬೇಸರವೇನೋ!

"ನಿನಗ ಸಣ್ಣದೂ ಬ್ಯಾಡ, ದೊಡ್ಡದೂ ಬ್ಯಾಡ. ಹಿಂಗ ಕುಂಟಕೋತ ಇರಾಕೀ ಏನು?" ಎಂದರು ನನ್ನವರು, ಸ್ಟೇಷನ್ನಿನ ಮೆಟ್ಟಿಲು ಹತ್ತುತ್ತಾ.

ಉತ್ತರ ಕೊಡುವ ಮೊದಲೇ, ಮೇಲ್ಸೇತುವೆಯ ನಡುಮಧ್ಯೆ ನನ್ನ ಕಾಲು ನಿಂತುಬಿಟ್ಟಿತು. ಹಿಂದಕ್ಕೂ ಇಲ್ಲ, ಮುಂದಕ್ಕೂ ಇಲ್ಲ. ಜನ ಸರಿದು ದಾರಿ ಮಾಡಿಕೊಂಡು ಹೋದರು. ಕಂಬಿ ಹಿಡಿದುಕೊಂಡು ಅತ್ತುಬಿಟ್ಟೆ.

ಮರುವಾರ ಮೈಸೂರಿನವರ ಮುಂದೆ ಕೂತು ಗಾಯದ ಅಳತೆಯ ಮಾತೇ ಎತ್ತಲಿಲ್ಲ. "ಸಣ್ಣ ಗಾಯದಾಗ ಸರಿ ಕಾಣಲಿಲ್ಲಂದ್ರ ಏನ್ ಮಾಡ್ತೀರಿ?" ಎಂದು ಕೇಳಿದೆ.

ಈ ಸಲ ಅವರು ನಗಲಿಲ್ಲ. "ದೊಡ್ಡದು ಮಾಡ್ತೀನಿ ಮೇಡಂ. ಕೀಲು ಸರಿಯಾಗಿ ಕೂರೋದು ಮುಖ್ಯ, ನನ್ನ ಹಟ ಅಲ್ಲ. ನಿಜ ಹೇಳ್ಬೇಕಂದ್ರೆ, ವರ್ಷ ಕಳೆದ್ಮೇಲೆ ಎರಡಕ್ಕೂ ಅಂಥಾ ವ್ಯತ್ಯಾಸ ಏನಿರಲ್ಲ."

ತನ್ನ ಸರಕನ್ನು ತಾನೇ ಹೊಗಳದ ಮನುಷ್ಯ! ಒಪ್ಪಿದೆ.

ಎಚ್ಚರವಾದಾಗ ಅವರು ಮಂಚದ ಪಕ್ಕ ಸಂಕೋಚದಿಂದ ನಿಂತಿದ್ದರು. ಹೇಳಿದ್ದಕ್ಕಿಂತ ಗಾಯ ಉದ್ದವಾಗಿತ್ತಂತೆ. ನನಗೋ, ಅದನ್ನು ಕೇಳಿಯೇ ಕಣ್ತುಂಬ ನಿದ್ದೆ ಬಂತು.

ಈಗ ಸಂಜೆ ಕಡಲ ದಂಡೆಯ ರಸ್ತೆಯಲ್ಲಿ ನಾನೇ ಮುಂದೆ. ನನ್ನವರು ಹಿಂದೆ, ಹಡಗು ನೋಡುವ ನೆಪದಲ್ಲಿ ಆಗಾಗ ನಿಲ್ಲುತ್ತಾರೆ. ತಮ್ಮ ಮೊಣಕಾಲಿಗೆ ಏನೂ ಆಗಿಲ್ಲವಂತೆ. ನಾನು ನಂಬಿಲ್ಲ.