ಮಾಡು ಬಿಚ್ಚಿದ ದಿನ

ವಿಷು ಹಬ್ಬಕ್ಕೆ ಇನ್ನು ಎಂಟು ದಿನ ಇತ್ತು. ಕುಂಭಾಶಿಗೆ ಮದುವೆಯಾಗಿ ಹೋದ ಅಕ್ಕ ಗಂಡನ ಜೊತೆ ಮೊದಲ ಸಲ ಹಬ್ಬಕ್ಕೆ ಬರುವವಳಿದ್ದಳು. ಹಾಗಾಗಿ ಆ ವರ್ಷ ಹಾಲಾಡಿ ಹತ್ತಿರದ ನಮ್ಮ ಮನೆಯಲ್ಲಿ ಮಳೆಗಾಲದ ಮುಂಚಿನ ಕೆಲಸಗಳೆಲ್ಲ ಬೇಗನೇ ಶುರುವಾದವು. ನನಗೆ ಆಗ ಹನ್ನೊಂದು ವರ್ಷ. ಲಡಾಯಿ, ಅಂದರೆ ಎರಡನೇ ಮಹಾಯುದ್ಧ, ಇನ್ನೂ ಮುಗಿದಿರಲಿಲ್ಲ. ಸೀಮೆಎಣ್ಣೆ ಇಲ್ಲ, ಬಟ್ಟೆ ಇಲ್ಲ. ಆದರೆ ಗೇರುಹಣ್ಣು ಬೇಕಾದಷ್ಟಿತ್ತು, ಮಾವಿನ ಮಿಡಿ ಇತ್ತು, ಬೆಳಗಾದರೆ ಕೋಗಿಲೆ ಕೂಗುತ್ತಿತ್ತು. ಮಕ್ಕಳಿಗೆ ಅಷ್ಟಿದ್ದರೆ ಸಾಕಲ್ಲ.

ಅಬ್ಬಿ, ಅಂದರೆ ನನ್ನ ಅಮ್ಮ, ಹೊಳೆಯ ಹೊಯಿಗೆ ಬೆರೆಸಿದ ಮಣ್ಣಿನಿಂದ ಗೋಡೆಯ ಬಿರುಕುಗಳನ್ನು ಮುಚ್ಚಿದಳು. ಅವಳ ಹಿಂದೆಯೇ ನಾನು ಚಿಪ್ಪಿನ ಸುಣ್ಣ ಬಳಿಯುತ್ತ ಹೋದೆ. ಅಜ್ಜಿ ಕೂತಲ್ಲೇ ಮುಂದೆ ಮುಂದೆ ಸರಿಯುತ್ತ ನೆಲಕ್ಕೆ ಸಗಣಿಯಲ್ಲಿ ತೆಂಗಿನ ಗೆರಟೆಯ ಮಸಿ ಕಲಸಿ ಸಾರಿಸಿದಳು. ನೆಲ ಒಣಗಿದ ಮೇಲೆ ನಯವಾದ ಕಲ್ಲಿನಿಂದ ತಿಕ್ಕಿ ತಿಕ್ಕಿ ಅದರಲ್ಲಿ ತನ್ನ ಮುಖ ಕಾಣುತ್ತದೋ ಎಂದು ಬಗ್ಗಿ ನೋಡಿದಳು. "ಕಾಂಬುದ್ ಬ್ಯಾಡ, ಹೆದ್ರಿಕಿ ಆತ್," ಎಂದು ತಾನೇ ನಕ್ಕಳು. ಅವಳ ಮುಖದ ತುಂಬ ಸಿಡುಬಿನ ಗುಳಿಗಳಿದ್ದವು. ಏಳನೇ ವರ್ಷದಲ್ಲಿ ಬಂದು ಬಿಟ್ಟುಹೋದದ್ದು.

ನನ್ನ ಪಾಲಿನ ಮುಖ್ಯ ಕೆಲಸ ತಮ್ಮನನ್ನು ನೋಡಿಕೊಳ್ಳುವುದು. ಅವನಿಗೆ ಒಂದು ವರ್ಷ ತುಂಬಿ ಎರಡು ತಿಂಗಳಾಗಿತ್ತು. ಏನನ್ನಾದರೂ ಹಿಡಿದುಕೊಂಡರೆ ನಿಲ್ಲುತ್ತಿದ್ದ, ಬಿಟ್ಟರೆ ದೊಪ್ಪನೆ ಕೂರುತ್ತಿದ್ದ. ಮೈಮೇಲೆ ಉಡಿದಾರ ಬಿಟ್ಟರೆ ಬೇರೇನಿಲ್ಲ. ಅವನನ್ನು ಸೊಂಟದ ಮೇಲೆ ಕೂರಿಸಿಕೊಂಡೇ ನಾನು ಸುಣ್ಣ ಬಳಿದೆ, ನೀರು ಸೇದಿದೆ, ಹಪ್ಪಳಕ್ಕೆ ಕಾಗೆ ಬಾರದಂತೆ ಕಾದೆ.

ಅಪ್ಪಯ್ಯ ಮಾಡಿಗೆ, ಅಂದರೆ ಮನೆಯ ಹುಲ್ಲಿನ ಚಾವಣಿಗೆ, ಹೊಸ ಬಿದಿರಿನ ಗಳು ತಂದು ದನದ ಕೊಟ್ಟಿಗೆಗೆ ಒರಗಿಸಿಟ್ಟಿದ್ದರು. ಗೆದ್ದಲು ಹಿಡಿಯದಂತೆ ಅವಕ್ಕೆ ಗೇರೆಣ್ಣೆ ಬಳಿಯಬೇಕು. ಗೇರುಬೀಜದ ಸಿಪ್ಪೆಯನ್ನು ತೂತಿನ ಮಡಕೆಯಲ್ಲಿ ಸುಟ್ಟರೆ ಕೆಳಗಿನ ಮಡಕೆಗೆ ಕಪ್ಪಗೆ ಇಳಿಯುವ ಎಣ್ಣೆ ಅದು. ತೆಂಗಿನ ಸಿಪ್ಪೆಯನ್ನು ಜಜ್ಜಿ ಕುಂಚ ಮಾಡಿಕೊಂಡು ಅಪ್ಪಯ್ಯ ಬಳಿಯುತ್ತಿದ್ದರೆ ಅಜ್ಜಿ ಜಗಲಿಯಿಂದಲೇ ಕೂಗಿದಳು.

"ಮಕ್ಳೆಲ್ಲ ದೂರ ನಿಲ್ಲಿ. ಆ ಎಣ್ಣಿ ತಾಗ್ರೆ ಚರ್ಮ ಎದ್ದ್ ಬತ್ತ್."

ಮಾಡು ಹೊದೆಸುವುದಕ್ಕೆ ದಿನ ಗೊತ್ತಾಯಿತು. ನಮ್ಮ ಕಡೆ ಅದಕ್ಕೆ ಕೂಲಿಯಾಳು ಇಲ್ಲ. ಇವತ್ತು ಊರಿನವರು ನಮ್ಮ ಮನೆಗೆ ಬರುತ್ತಾರೆ, ನಾಳೆ ನಾವು ಅವರ ಮನೆಗೆ ಹೋಗುತ್ತೇವೆ. ಬೆಳಕು ಹರಿಯುವಾಗ ಹಳೆಯ ಹುಲ್ಲು ಬಿಚ್ಚಿದರೆ ಸೂರ್ಯ ಮುಳುಗುವುದರೊಳಗೆ ಹೊಸ ಹುಲ್ಲು ಕಟ್ಟಿ ಮುಗಿಸಲೇಬೇಕು. ಒಲೆಗೆ ರಾತ್ರಿಯ ಆಕಾಶ ಕಾಣಬಾರದು ಎಂಬ ನಂಬಿಕೆ ಅಜ್ಜಿಯದು. ಅಪ್ಪಯ್ಯನ ಹೆದರಿಕೆ ಬೇರೆ. ಹುಲ್ಲಿನಲ್ಲಿ ಬಿಗಿದು ಕಟ್ಟಿದ ವರ್ಷದ ಅಕ್ಕಿಮುಡಿಗಳು, ಬೀಜದ ಭತ್ತ, ಎಲ್ಲ ಆ ಮಾಡಿನ ಕೆಳಗೇ ಇದ್ದವು. ಆ ತಿಂಗಳಲ್ಲಿ ಸಂಜೆಯ ಮಳೆಯನ್ನು ನಂಬುವ ಹಾಗಿಲ್ಲ. ಒಂದು ಮಳೆ ಬಿದ್ದರೆ ಸಾಕು, ಅಕ್ಕಿ ಮುಗ್ಗುತ್ತದೆ. ಅಂಗಡಿಯಲ್ಲಿ ಅಕ್ಕಿ ಸಿಗುವ ಕಾಲವಲ್ಲ ಅದು.

ಹೊತ್ತು ಮೂಡುವ ಮೊದಲೇ ಹದಿನೈದು ಹದಿನಾರು ಜನ ಬಂದರು. ಏಣಿ ಇಟ್ಟರು, ಹತ್ತಿದರು. ಕಪ್ಪಾದ ಹುಲ್ಲು ದಬದಬನೆ ಅಂಗಳಕ್ಕೆ ಬಿತ್ತು, ಅದರ ಜೊತೆ ಇಲಿಮರಿಗಳು, ಚೇಳು, ಧೂಳು. ನೋಡುತ್ತಿದ್ದ ಹಾಗೆಯೇ ನಮ್ಮ ಮನೆಗೆ ತಲೆಯಿಲ್ಲದಂತಾಯಿತು. ಒಳಗೆ ಅಡುಗೆಮನೆಯಲ್ಲಿ ಬಿಸಿಲು ಬಿದ್ದಿತ್ತು. ನನಗೆ ನಗು ಬಂತು. ತಮ್ಮ ಆ ಬಿಸಿಲನ್ನು ಹಿಡಿಯಲು ಕೈ ಚಾಚಿದ.

ಅವನ ಮೈಯೆಲ್ಲ ಧೂಳಾಗಿದೆಯೆಂದು ಬಾವಿಕಟ್ಟೆಗೆ ಕರೆದುಕೊಂಡು ಹೋಗಿ ನೀರು ಹೊಯ್ದೆ. ಆಗ ಕಂಡದ್ದು. ಹೊಟ್ಟೆಯ ಮೇಲೆ ನಾಲ್ಕು ಬೊಕ್ಕೆ, ನೀರು ತುಂಬಿದವು, ಸುತ್ತ ಕೆಂಪು. ಎಡಗೆನ್ನೆಯ ಮೇಲೆ ಎರಡು. ಅಂಗೈ ಬಿಡಿಸಿದರೆ ಅಲ್ಲಿಯೂ. ನೀರು ತಾಗಿದ್ದಕ್ಕೆ ಅವನು ಕಿರುಚಿದ.

ನಾನು ಅವನ ಬಾಯಿಗೆ ಕೈ ಅಡ್ಡ ಹಿಡಿದೆ.

ಹಿಂದಿನ ತಿಂಗಳು ನೀರು ಹರಿಯುವ ತೋಡಿನ ಆಚೆಯ ಒಂದು ಮನೆಗೆ, ಅಜ್ಜಿಯ ಮುಖದಲ್ಲಿ ಗುಳಿ ಬಿಟ್ಟುಹೋದ ಆ ರೋಗ ಬಂದಿತ್ತು. ಅದರ ಹೆಸರನ್ನು ಯಾರೂ ಹೇಳುತ್ತಿರಲಿಲ್ಲ. "ಅಲ್ಲಿ ಅದ್ ಬಂದಿತ್ತಂಬ್ರ್" ಎಂದಷ್ಟೇ. ಸುದ್ದಿ ಬಂದಾಗ ಅವರ ಕಣದಲ್ಲಿ ಭತ್ತ ಬಡಿಯುತ್ತಿದ್ದವರೆಲ್ಲ ಕೈಯಲ್ಲಿದ್ದ ಕಟ್ಟನ್ನು ಅಲ್ಲೇ ಹಾಕಿ ಓಡಿದರು. ಭತ್ತ ಹಾಗೇ ಬಿದ್ದಿತ್ತು, ದನ ಮೇಯ್ದವು. ಆ ಮನೆಯ ಎರಡು ಮಕ್ಕಳನ್ನು ಗದ್ದೆಯ ನಡುವೆ ಒಂದು ಸೋಗೆಯ ಗುಡಿಸಲು ಕಟ್ಟಿ ಇಟ್ಟರು. ಮೊದಲೇ ಆ ರೋಗ ಬಂದುಹೋದ ಒಬ್ಬಳು ಮುದುಕಿ ಮಾತ್ರ ಅವರ ಜೊತೆ. ತಾಯಿ ಗದ್ದೆಯ ಅಂಚಿನಲ್ಲಿ ಗಂಜಿ ಇಟ್ಟು ಬರಬೇಕು. ಒಂದು ದಿನ ಆ ಗುಡಿಸಲನ್ನು ಸುಟ್ಟ ಹೊಗೆ ನಮ್ಮ ಅಂಗಳದಿಂದಲೂ ಕಂಡಿತು. ಎರಡು ಮಕ್ಕಳಲ್ಲಿ ಒಂದೂ ಮನೆಗೆ ಬರಲಿಲ್ಲ.

ಬಾವಿಕಟ್ಟೆಯಲ್ಲಿ ನಿಂತು ನಾನು ಮನೆಯ ಕಡೆ ನೋಡಿದೆ. ಬರೀ ಗಳುಗಳು, ಅದರ ಮೇಲೆ ಜನ. ಈಗ ಹೇಳಿದರೆ ಇವರೆಲ್ಲ ಇಳಿದು ಓಡುತ್ತಾರೆ. ಮನೆ ಹಾಗೇ ಉಳಿಯುತ್ತದೆ. ಅಜ್ಜಿ ತಮ್ಮನನ್ನು ಎತ್ತಿಕೊಂಡು ಗದ್ದೆಗೆ ಹೋಗುತ್ತಾಳೆ. ಅವನಿಗೆ ಅಬ್ಬಿಯ ಹಾಲಿಲ್ಲದೆ ಒಂದು ದಿನವೂ ಆಗುವುದಿಲ್ಲ. ಹೇಳದಿದ್ದರೆ? ಹೇಳದಿದ್ದರೆ ಏನಾಗುತ್ತದೆ ಎಂದು ಯೋಚಿಸುವ ಧೈರ್ಯ ನನಗೆ ಬರಲಿಲ್ಲ. ಅಬ್ಬಿಯ ಹಳೆಯ ಸೀರೆಯ ತುಂಡೊಂದು ಹಗ್ಗದ ಮೇಲೆ ಒಣಗುತ್ತಿತ್ತು. ಅದನ್ನು ಎಳೆದು ಅವನನ್ನು ಕುತ್ತಿಗೆಯವರೆಗೆ ಸುತ್ತಿದೆ.

ಮತ್ತೆ ಇಡೀ ದಿನ ನಾನು ಅವನನ್ನು ಕೆಳಗಿಳಿಸಲಿಲ್ಲ. ಮೇಲಿನಿಂದ ಒಬ್ಬ ಕೂಗುತ್ತಿದ್ದ, "ಹ್ವಾಯ್, ಹುಲ್ಲ್ ಕೊಡಿ! ಕೆಳ್ಗ್ ಇದ್ದವ್ರೆಲ್ಲ ನಿದ್ರಿ ಮಾಡ್ತ್ರಾ?"

"ಅಳಿಯ ಬಪ್ಪುಕೆ ಹೊಸ ಮಾಡ್ ಅಂಬ್ರ್," ಎಂದ ಇನ್ನೊಬ್ಬ. "ಅಳಿಯ ಎಂತ ಮಾಡಿನ್ ಮೇಲ್ ಮಲ್ಕಂತ್ನಾ?"

"ನಿನ್ನ್ ಕಟ್ಟ್ ಕಂಡ್ರೆ ಕೆಳ್ಗ್ ಮಲ್ಗೂಕ್ ಯಾರಿಗ್ ಧೈರ್ಯ ಇತ್ತ್ ಮಾರಾಯ?"

ಎಲ್ಲರೂ ನಕ್ಕರು. ಅಪ್ಪಯ್ಯನೂ ನಕ್ಕರು. ನಾನು ತಮ್ಮನಿಗೆ ಸುತ್ತಿದ ಬಟ್ಟೆಯನ್ನು ಇನ್ನಷ್ಟು ಬಿಗಿ ಮಾಡಿದೆ.

ಅಬ್ಬಿ ಎರಡು ಸಲ ಕರೆದು ಅವನಿಗೆ ಹಾಲು ಕುಡಿಸಿದಳು. ಎರಡು ಸಲವೂ ಕೊಟ್ಟಿಗೆಯ ಕತ್ತಲೆಯ ಮೂಲೆಯಲ್ಲಿ, ನನಗೆ ಬೆನ್ನು ಹಾಕಿ ಕೂತು. ಸೀರೆಯ ತುಂಡು ಬಿಚ್ಚುತ್ತಾಳೋ ಎಂದು ನಾನು ಉಸಿರು ಹಿಡಿದು ನಿಂತಿದ್ದೆ. ಅವಳು ಅವನನ್ನು ಸುತ್ತಿದ ಹಾಗೆಯೇ ತಿರುಗಿ ಕೊಟ್ಟಳು, ಏನೂ ಕೇಳಲಿಲ್ಲ. ಅಡುಗೆಯ ಗಡಿಬಿಡಿಯಲ್ಲಿದ್ದಾಳೆ ಎಂದುಕೊಂಡೆ. ಹದಿನಾರು ಜನರಿಗೆ ಕುಚ್ಚಲಕ್ಕಿಯ ಅನ್ನ, ಹುರುಳಿ ಸಾರು, ಬೆಲ್ಲದ ಪಾಯಸ ಆಗಬೇಕಿತ್ತು.

ಊಟದ ಹೊತ್ತಿಗೆ ಕೆಳಮನೆಯ ಅತ್ತಿಗೆ ಬಂದಳು. ನೆರೆಮನೆಯವಳಾದರೂ ನಾವು ಅತ್ತಿಗೆ ಎಂದೇ ಕರೆಯುವುದು. ಅವಳಿಗೆ ಎಂಟು ತಿಂಗಳಾಗಿತ್ತು, ಚೊಚ್ಚಲು. ಮಕ್ಕಳನ್ನು ಕಂಡರೆ ಬಿಡುತ್ತಿರಲಿಲ್ಲ.

"ಎಂತದೆ ಇದ್? ಈ ಸೆಕಿಗೆ ಮಗಿನ್ ಅಕ್ಕಿಮುಡಿ ಕಟ್ದಾಂಗೆ ಕಟ್ಟಿದ್ದೆ? ಇಲ್ಲ್ ಕೊಡ್."

"ಬ್ಯಾಡ ಅತ್ಗೆ. ಅವ ಮರ್ಕ್ತ," ಎಂದೆ, ಅವನು ಅಳುವವನಲ್ಲ ಎಂದು ಗೊತ್ತಿದ್ದೂ.

"ನನ್ನ್ ಹತ್ರ ಬಂದ್ರೆ ಎಂತಕ್ ಮರ್ಕ್ತ? ನಾನೆಂತ ಹುಲಿಯಾ? ಕೊಡ್ ಮಾರಾಯ್ತಿ, ನಂಗೂ ಅಭ್ಯಾಸ ಆಯ್ಲಿ."

ನಾನು ಹಿಂದೆ ಸರಿದೆ. ಅವಳು ನಗುತ್ತ ಬಂದು ನನ್ನ ಸೊಂಟದ ಮೇಲಿದ್ದ ಹಾಗೆಯೇ ಅವನ ಗಲ್ಲ ಹಿಡಿದು ಬಲಗೆನ್ನೆಗೆ ಮುತ್ತು ಕೊಟ್ಟಳು. ಎಡಗೆನ್ನೆಯನ್ನು ನಾನು ನನ್ನ ಹೆಗಲಿಗೆ ಒತ್ತಿ ಹಿಡಿದಿದ್ದೆ. ಕೂಗಬೇಕೆನಿಸಿತು. ಅವಳು ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು ನಿಧಾನವಾಗಿ ಬಡಿಸಲು ಹೋದಳು. ಅವಳು ಹೋದ ದಾರಿಯನ್ನೇ ನೋಡುತ್ತ ನಾನು ಕೊಟ್ಟಿಗೆಯ ಹಿಂದೆ ಹೋಗಿ ವಾಂತಿ ಮಾಡಿದೆ.

ಮಧ್ಯಾಹ್ನ ಕಳೆದ ಮೇಲೆ ಘಟ್ಟದ ಕಡೆ ಮೋಡ ಕಟ್ಟಿತು. ಅಪ್ಪಯ್ಯ ಮತ್ತೆ ಮತ್ತೆ ಮೂಡು ದಿಕ್ಕಿಗೆ ನೋಡುತ್ತಿದ್ದರು. ಈಗ ಮೇಲೆ ಯಾರೂ ತಮಾಷೆ ಮಾಡುತ್ತಿರಲಿಲ್ಲ. ಬೇಗ ಬೇಗ ಹುಲ್ಲಿನ ಕಟ್ಟು ಮೇಲೆ ಹೋಗುತ್ತಿತ್ತು. ಒಂದು ಬದಿ ಮುಗಿಯಿತು, ಇನ್ನೊಂದು ಬದಿ ಅರ್ಧ ಉಳಿಯಿತು. ದೂರದಲ್ಲಿ ಒಮ್ಮೆ ಗುಡುಗಿತು. ದೇವರೇ, ಇನ್ನು ನಾಲ್ಕು ಸಾಲು, ಇನ್ನು ಮೂರು ಸಾಲು ಎಂದು ನಾನು ಸಾಲು ಎಣಿಸುತ್ತಿದ್ದೆ. ಹಾಗೆ ಎಣಿಸುವಾಗಲೇ ತೋಳಿನಲ್ಲಿದ್ದ ತಮ್ಮ ಬೆವರಿ ಬೆವರಿ ಸೋತು ಮಲಗಿಬಿಟ್ಟ. ಮಲಗಿದ್ದೋ ಬೇರೇನೋ ಎಂದು ಅವನ ಮೂಗಿನ ಹತ್ತಿರ ಬೆರಳು ಹಿಡಿದು ನೋಡಿದೆ. ಎಷ್ಟು ಸಲ ಹಾಗೆ ನೋಡಿದೆನೋ ಗೊತ್ತಿಲ್ಲ.

ಹೊತ್ತು ಕಂತುವ ಮೊದಲು ಮಾಡಿನ ನೆತ್ತಿಯ ಕೊನೆಯ ಕಟ್ಟು ಬಿಗಿದರು. ಮಳೆ ಬರಲಿಲ್ಲ, ಮೋಡ ಹಾಗೇ ತೆಂಕಕ್ಕೆ ಸರಿಯಿತು. ಎಲ್ಲರೂ ಪಾಯಸ ಕುಡಿದು, ವೀಳ್ಯ ಹಾಕಿಕೊಂಡು, ನಾಡಿದ್ದು ಯಾರ ಮನೆಯ ಮಾಡು ಎಂದು ಮಾತಾಡಿಕೊಂಡು ಹೋದರು.

ಕೊನೆಯವನು ತೋಡು ದಾಟುವವರೆಗೂ ಕಾದು ನಾನು ಕೊಟ್ಟಿಗೆಗೆ ಓಡಿದೆ. ಅಬ್ಬಿ ದನಕ್ಕೆ ಅಕ್ಕಿ ತೊಳೆದ ಅಕ್ಕಚ್ಚು ಇಡುತ್ತಿದ್ದಳು.

"ಅಬ್ಬೀ, ಮಗಿನ್ ಮೈಮೇಲೆ..."

"ಗೊತ್ತಿತ್ತ್," ಎಂದಳು. ತಿರುಗಲಿಲ್ಲ.

ನಾನು ಒಂದು ಹೆಜ್ಜೆ ಮುಂದೆ ಬಂದೆ.

"ಯಾವಾಗ ಕಂಡದ್ದ್ ನೀನ್?"

"ಬೆಳಿಗ್ಗೆ ಹಾಲ್ ಕುಡ್ಸುವಾಗ. ಮಾಡ್ ಬಿಚ್ಚಿ ಆಯ್ದಿತ್ತ್." ಆಮೇಲೆ ತಿರುಗಿ ನನ್ನ ಮುಖ ನೋಡಿದಳು. "ನೀನ್?"

"ಬಾವಿಕಟ್ಟೆಲಿ."

"ಕೆಳಮನಿ ಅತ್ಗೆ ಮುಟ್ಟಿದ್ಳಾ?"

"ಹ್ಞೂಂ. ಮುತ್ತ್ ಕೊಟ್ಳ್."

ಅಬ್ಬಿ ಸಗಣಿಯ ಬುಟ್ಟಿಯ ಮೇಲೆಯೇ ಕುಸಿದು ಕೂತಳು. ಅವಳು ನನ್ನನ್ನು ಬೈಯಲಿಲ್ಲ. ನನಗೆ ಅವಳು ಬೈದಿದ್ದರೆ ಚೆನ್ನಾಗಿತ್ತು. ಸ್ವಲ್ಪ ಹೊತ್ತಿಗೆ ಎದ್ದು, ಅವನನ್ನು ನನ್ನ ಕೈಯಿಂದ ತೆಗೆದುಕೊಂಡು, ಅಜ್ಜಿಯ ಹತ್ತಿರ ಹೋದಳು. ನಾನು ಹಿಂದೆ ಹೋದೆ.

ಅಜ್ಜಿ ಜಗಲಿಯ ದೀಪ ಹತ್ತಿರಕ್ಕೆ ಎಳೆದುಕೊಂಡು ಬಟ್ಟೆ ಬಿಚ್ಚಿದಳು. ತನ್ನ ಗುಳಿಬಿದ್ದ ಕೆನ್ನೆಯನ್ನು ಅವನ ಹೊಟ್ಟೆಗೆ ತಾಗಿಸಿ ಬಹಳ ಹೊತ್ತು ಹಾಗೇ ಇದ್ದಳು.

"ಜ್ವರ ಇಲ್ಲೆ," ಎಂದಳು. "ನಂಗೆ ಮೂರ್ ದಿನ ಜ್ವರ ಬಂದೇ ಇದ್ ಎದ್ದದ್ದ್." ಪಾದ ನೋಡಿದಳು, ಬೆನ್ನು ನೋಡಿದಳು. ಅಲ್ಲೆಲ್ಲ ಒಂದೂ ಇರಲಿಲ್ಲ. ಮುಷ್ಟಿ ಬಿಡಿಸಿ ದೀಪಕ್ಕೆ ಹಿಡಿದಳು. ಅಂಗೈಯ ಬೊಕ್ಕೆಗಳೆಲ್ಲ ಒಂದೇ ಗೆರೆಯಲ್ಲಿದ್ದವು, ಏನನ್ನೋ ಹಿಡಿದ ಹಾಗೆ. ಅಜ್ಜಿ ನನ್ನ ಕಡೆ ತಿರುಗಿದಳು.

"ಇವ ಎಂತದ್ನ್ ಹಿಡ್ಕಂಡ್ ನಿಂತಿದ್ದ?"

ಆಗ ನೆನಪಾಯಿತು. ಎರಡು ದಿನದ ಹಿಂದೆ ಕೊಟ್ಟಿಗೆಯ ಹಿಂದಿನ ಗೇರುಮರದಲ್ಲಿ ಒಂದು ಹಳದಿ ಹಣ್ಣು ಕಂಡಿತ್ತು. ಅವನನ್ನು ಒರಗಿಸಿಟ್ಟ ಬಿದಿರು ಹಿಡಿಸಿ ನಿಲ್ಲಿಸಿ ನಾನು ಮರ ಹತ್ತಿದ್ದೆ. ಬಂದು ನೋಡಿದರೆ ಅವನು ಗಳುವನ್ನು ತಬ್ಬಿಕೊಂಡು, ಅದಕ್ಕೆ ಕೆನ್ನೆ ಒತ್ತಿಕೊಂಡು ನಿಂತು ಕುಣಿಯುತ್ತಿದ್ದ. ಎಣ್ಣೆ ಒಣಗಿದೆ ಎಂದುಕೊಂಡಿದ್ದೆ. ಸುಡುವುದಿದ್ದರೆ ಆಗಲೇ ಅಳುತ್ತಿದ್ದನಲ್ಲ? ಎರಡು ದಿನ ಬಿಟ್ಟು ಏಳುತ್ತದೆ ಎಂದು ನನಗೇನು ಗೊತ್ತು. ತೊದಲುತ್ತ ಹೇಳಿದೆ.

ಅಜ್ಜಿ ನನ್ನ ಬೆನ್ನಿಗೆ ಒಂದು ಗುದ್ದಿದಳು. ಆಮೇಲೆ ಗೋಡೆಗೆ ಒರಗಿ ಬಾಯಿಬಿಟ್ಟು ನಕ್ಕಳು, ನಗುತ್ತ ನಗುತ್ತ ಕಣ್ಣು ಒರೆಸಿಕೊಂಡಳು. "ಗೇರೆಣ್ಣಿ! ನನ್ನ್ ಜೀವ ಹೋಯ್ತಲ್ಲೆ! ತೆಂಗಿನ್‌ಕಾಯಿ ಹಾಲ್ ತಾ, ಹಚ್ಚುವ."

ನಾನು ಏಳುವಾಗ ಅವಳು ಅಬ್ಬಿಯನ್ನು ಕೇಳಿದಳು, "ಇದ್ ಯಾವಾಗ್ ಕಂಡದ್ದ್ ನಿಂಗೆ?"

"ಈಗ ಅತ್ತೆ," ಎಂದಳು ಅಬ್ಬಿ. "ಈಗಳೇ ಕಂಡದ್ದ್. ಇವ್ಳ್ ತೋರ್ಸಿದ್ಳ್."

ಅಜ್ಜಿ ನನ್ನ ಮುಖ ನೋಡಿದಳು. ನಾನು ತಲೆಯಾಡಿಸಿದೆ.

ತೆಂಗಿನಕಾಯಿ ಹಾಲು ಹಚ್ಚಿದರೂ ಹೆದರಿಕೆ ಇಳಿಯಲಿಲ್ಲ. ಅಜ್ಜಿ ತಪ್ಪಿದ್ದರೆ? ಬೊಕ್ಕೆ ಒಡೆದು, ಒಣಗಿ, ಚರ್ಮ ಸುಲಿದು, ಕೆಳಗೆ ಎಳೆಯ ಗುಲಾಬಿ ಬಣ್ಣ ಕಾಣುವವರೆಗೂ ಅಬ್ಬಿ ಬೆಳಿಗ್ಗೆ ಎದ್ದ ಕೂಡಲೇ ಅವನ ಹಣೆ ಮುಟ್ಟುತ್ತಿದ್ದಳು. ನಾನು ದಿನಾ ಏನಾದರೊಂದು ನೆವ ಮಾಡಿಕೊಂಡು ಕೆಳಮನೆಗೆ ಹೋಗಿ, ಅತ್ತಿಗೆ ಅಂಗಳದಲ್ಲಿ ಓಡಾಡುವುದನ್ನು ದೂರದಿಂದ ನೋಡಿ ಬರುತ್ತಿದ್ದೆ. ಅಕ್ಕ ಬಂದಳು, ಹಬ್ಬ ಆಯಿತು, ಅಳಿಯನಿಗೆ ಹೊಸ ಮಾಡು ಬಹಳ ಹಿಡಿಸಿತು. ಮುಂದಿನ ತಿಂಗಳು ಅತ್ತಿಗೆ ಸುಖವಾಗಿ ಹೆತ್ತಳು, ಹೆಣ್ಣುಮಗು. ಆ ಸುದ್ದಿ ಕೇಳಿದ ದಿನ ಅಬ್ಬಿ ಗಂಜಿ ಬಡಿಸುತ್ತಿದ್ದವಳು ಕೈ ನಿಲ್ಲಿಸಿ ನನ್ನನ್ನು ನೋಡಿದಳು. ಅಷ್ಟೇ. ಆ ವಿಷಯವನ್ನು ನಾವಿಬ್ಬರೂ ಮತ್ತೆ ಎಂದೂ ಎತ್ತಲಿಲ್ಲ. ಅವಳು ಸಾಯುವವರೆಗೂ ಎತ್ತಲಿಲ್ಲ.

ರೋಗವಲ್ಲ ಎಂದು ಗೊತ್ತಾದದ್ದು ಸಂಜೆ. ಬೆಳಗಿನಿಂದ ಸಂಜೆಯವರೆಗೆ ನಮ್ಮಿಬ್ಬರ ಪಾಲಿಗೆ ಅದು ರೋಗವೇ. ಅವನನ್ನು ಹಾಗೇ ಸುತ್ತಿಟ್ಟು ನಾವು ಮಾಡು ಮುಗಿಯುವುದನ್ನು ಕಾದೆವು. ಅವಳಿಗೆ ಬೇರೆ ದಾರಿ ಇತ್ತೇ ಎಂದು ಈಗಲೂ ಒಮ್ಮೊಮ್ಮೆ ಯೋಚಿಸುತ್ತೇನೆ.

ಆ ಮಗು, ಮೊಮ್ಮಕ್ಕಳೇ, ನೀವೆಲ್ಲ ಸಣ್ಣಜ್ಜ ಎಂದು ಕರೆಯುವವನು. ಗೇರುಹಣ್ಣಿನ ಆಸೆಗೆ ಅಕ್ಕ ನನ್ನನ್ನು ಸುಟ್ಟಳು ಎಂದು ಅವನು ಮದುವೆಮನೆಗಳಲ್ಲಿ ಹೇಳಿ ಎಲ್ಲರನ್ನೂ ನಗಿಸುತ್ತಾನೆ. ಅವನಿಗೆ ಗೊತ್ತಿರುವುದು ಅಷ್ಟೇ. ಉಳಿದದ್ದನ್ನು ಹೇಳಬೇಕೆಂದು ಎಷ್ಟೋ ಸಲ ಅವನ ಎದುರು ಕೂತಿದ್ದೇನೆ, ಕಾಫಿ ಬೇಕಾ ಎಂದು ಕೇಳಿ ಎದ್ದು ಬಂದಿದ್ದೇನೆ. ಇದನ್ನು ಅವನಿಗೆ ಓದಿ ಹೇಳಬೇಕು ಅನಿಸಿದರೆ ಓದಿ. ಆದರೆ ನಾನು ಅಡುಗೆಮನೆಗೆ ಹೋದ ಮೇಲೆ.